ಅಜ್ಜನ ವಾಚಿನ ಡಯಲ್ ಬದಲಾಯಿಸಬೇಕೇ?

ಚಿಕ್ಕಪ್ಪ (ದಾವಣಗೆರೆ): ಸರ್ವಿಸಿಗೆ ಕಳಿಸಿರುವ ಅಜ್ಜನ ವಾಚಿಗೆ ತಯಾರಕ ಕಂಪನಿಯವರು ಕೊಟ್ಟ ಅಂದಾಜು ಪಟ್ಟಿಯನ್ನು ನಮ್ಮ ಮನೆಯವರ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಡಯಲ್ ಮತ್ತು ಮುಳ್ಳುಗಳನ್ನು ಬದಲಾಯಿಸಿ, ಕೇಸಿಗೆ, ಅಂದರೆ ಲೋಹದ ಹೊರಕವಚಕ್ಕೆ, ಪಾಲಿಶ್ ಮಾಡುತ್ತಾರಂತೆ. ತೆಗೆದ ಭಾಗಗಳನ್ನು ಮರಳಿಸುವುದಿಲ್ಲ, ಒಪ್ಪದಿದ್ದರೆ ಸರ್ವಿಸನ್ನೇ ಮಾಡುವುದಿಲ್ಲ. ಒಪ್ಪಿಬಿಡೋಣ ಎಂದು ನನ್ನ ಅಭಿಪ್ರಾಯ.

ನಾನು: ಚಿಕ್ಕಪ್ಪ, ದಯವಿಟ್ಟು ಒಪ್ಪಬೇಡಿ. ಒಳಗಿನ ಎಣ್ಣೆ ಒಣಗಿ ವಾಚು ಹಿಂದೆ ಬೀಳುತ್ತಿದೆ, ಅಷ್ಟೇ. ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಸರಿಹೋಗುವ ಕೆಲಸಕ್ಕೆ, ಅಜ್ಜ ಹತ್ತಿ ಮಿಲ್ಲಿನ ಪಾಳಿ ಮುಗಿಯಿತೇ ಎಂದು ಇಪ್ಪತ್ತು ವರ್ಷ ನೋಡಿದ ಆ ಮುಖವನ್ನೇ ಕಿತ್ತು ಕೊಡಬೇಕೆಂದರೆ ಹೇಗೆ ಸಹಿಸುವುದು?

ದೊಡ್ಡಪ್ಪ (ಚಿತ್ರದುರ್ಗ): ಮಗಳೇ, ಅದು 1950ರ ದಶಕದ ವಾಚು, ಅಂಕಿಗಳ ಮೇಲಿರುವುದು ಕತ್ತಲಲ್ಲಿ ಹೊಳೆಯಲೆಂದು ಹಾಕುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಬಣ್ಣ. ಹೊಳಪು ಹೋಗಿರುವುದು ಜೊತೆಗಿದ್ದ, ಬೆಳಕು ಕೊಡುವ ಸತುವಿನ ಸಲ್ಫೈಡ್ ಸವೆದದ್ದರಿಂದ, ರೇಡಿಯಂ ಮುಗಿದದ್ದರಿಂದಲ್ಲ. ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 1,600 ವರ್ಷ, ಹಾಗಾಗಿ 70 ವರ್ಷದಲ್ಲಿ ಕಡಿಮೆಯಾಗಿರುವುದು ನೂರಕ್ಕೆ ಸುಮಾರು 3 ಪಾಲು ಮಾತ್ರ. ಅಮೆರಿಕದಲ್ಲಿ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚವನ್ನು ತುಟಿಯಿಂದ ಚೂಪುಮಾಡುತ್ತಿದ್ದರು, ಅವರಲ್ಲಿ ಹಲವರು ದವಡೆ ಕೊಳೆತು ಸತ್ತರು. ಕಂಪನಿ ತನ್ನ ಕೆಲಸಗಾರರನ್ನು ಕಾಪಾಡುವುದು ತಪ್ಪಲ್ಲ.

ಅತ್ತೆ: ಮನೆಯಲ್ಲಿ ಕೂಸು ಇದೆ. ಅದನ್ನೂ ಯೋಚಿಸಿರಿ.

ನಾನು: ದೊಡ್ಡಪ್ಪ, ಆ ಕಾರಣವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕಂಪನಿಯ ಪತ್ರದಲ್ಲಿ ರೇಡಿಯಂ ಎಂಬ ಮಾತೇ ಇಲ್ಲ, “ನಮ್ಮ ನಿಯಮ” ಎಂದಷ್ಟೇ ಇದೆ. ಇನ್ನು ಪಾಲಿಶ್‌ಗೂ ರೇಡಿಯಂಗೂ ಏನು ಸಂಬಂಧ? ಪಾಲಿಶ್ ಎಂದರೆ ಲೋಹವನ್ನು ಸವೆಸುವುದು. ಕೇಸಿನ ಅಂಚುಗಳು ಮೊಂಡಾಗುತ್ತವೆ, ಹಿಂಬದಿಯಲ್ಲಿ ಕೊರೆಸಿರುವ ಅಜ್ಜನ ಹೆಸರು ಮಾಸುತ್ತದೆ. ಅದನ್ನು ಮರಳಿ ಯಾರು ಕೊಡುತ್ತಾರೆ? ವಾಚನ್ನು ವಾಪಸು ತರಿಸೋಣ. ರೇಡಿಯಂ ಇದೆಯೆಂದು ಮೊದಲೇ ತಿಳಿಸಿ, ಮಂಡಿಪೇಟೆಯಲ್ಲಿ ಕೀ ಕೊಡುವ ವಾಚುಗಳನ್ನು ಬಲ್ಲ ಹಿರಿಯ ರಿಪೇರಿಯವರನ್ನು ಕೇಳೋಣ. ಅವರು ಒಪ್ಪಿದರೆ, ಬಣ್ಣವನ್ನು ಕೆರೆಯದೆ ಡಯಲನ್ನು ಬಿಚ್ಚಿ ಬೇರೆಯಿಟ್ಟು ಯಂತ್ರವನ್ನಷ್ಟೇ ತೊಳೆಯಲಿ.

ದೊಡ್ಡಪ್ಪ (ಚಿತ್ರದುರ್ಗ): ಪಾಲಿಶ್ ವಿಷಯದಲ್ಲಿ ನಿನ್ನ ಮಾತು ನ್ಯಾಯವಾಗಿದೆ. ಅಪಾಯವಿರುವುದು ಉದುರುವ ಪುಡಿಯಲ್ಲಿ. ಆದ್ದರಿಂದ ಮನೆಯಲ್ಲಿ ಯಾರೂ ವಾಚಿನ ಮುಚ್ಚಳವನ್ನಾಗಲಿ ಗಾಜನ್ನಾಗಲಿ ತೆಗೆಯಬಾರದು, ಗಾಳಿಯಾಡುವ ಕೋಣೆಯಲ್ಲಿ, ಕೂಸಿನ ಕೈಗೆ ಎಟುಕದಂತೆ ಇಡಬೇಕು.

ಚಿಕ್ಕಪ್ಪ (ದಾವಣಗೆರೆ): ಹಾಗಾದರೆ ಏನನ್ನೂ ಬದಲಾಯಿಸದೆ ಹಿಂತಿರುಗಿಸಿರೆಂದು ನಾಳೆಯೇ ಬರೆಯುತ್ತೇನೆ. ಸಾಗಾಟದ ಖರ್ಚನ್ನು ಮೂರೂ ಮನೆಯವರು ಹಂಚಿಕೊಳ್ಳಬೇಕು.