ಸದ್ದಿಲ್ಲದ ಪುಟ್ಟ ಕಂಪ್ಯೂಟರ್‌ಗೆ ಹಳೇ ಪ್ರೊಸೆಸರ್: ಜೆ1900, ಅಥ್ಲಾನ್ 5350, ಐ5-6500ಟಿ, ಯಾವುದು ತಗೊಳ್ಳಲಿ?

ಸಾಗರದ ಕ್ಯಾಸೆಟ್:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಮೂವತ್ತು ವರ್ಷ ಸುತ್ತಲಿನ ಊರುಗಳ ತಾಳಮದ್ದಳೆಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿ ತಂದ ಕ್ಯಾಸೆಟ್‌ಗಳು ಮನೆಯಲ್ಲಿ ಇನ್ನೂರಕ್ಕೂ ಜಾಸ್ತಿ ಇವೆ. ಹೆಚ್ಚಿನವು 90 ನಿಮಿಷದವು. ಹೋದ ಮಳೆಗಾಲದಲ್ಲಿ ಕೆಲವಕ್ಕೆ ಬೂಷ್ಟು ಹಿಡಿಯಿತು. ಇನ್ನು ತಡ ಮಾಡಿದರೆ ಆ ದನಿಗಳೇ ಉಳಿಯುವುದಿಲ್ಲ ಅಂತ ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸಲು ಶುರು ಮಾಡಿದ್ದೇನೆ.

ಈಗಿರುವುದು 2010ರ ಆಟಂ ಡಿ525. ರೆಕಾರ್ಡ್ ಹೇಗೋ ಆಗುತ್ತದೆ. ಆದರೆ ಹಿಂದಿನ ಸುಂಯ್ ಸದ್ದು ತೆಗೆಯಲು ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರ್‌ಗೆ ಕ್ಯಾಸೆಟ್ಟಿನ ಒಂದು ಮಗ್ಗುಲು ಕೊಟ್ಟರೆ ಕಾಲು ಗಂಟೆ ಕಳೆದರೂ ಮುಗಿಯುವುದಿಲ್ಲ. ಅದರ ಸಣ್ಣ ಫ್ಯಾನ್ ಬೇರೆ ಜೀರುಂಡೆ ತರ ಕೂಗುತ್ತದೆ. ಕಂಪ್ಯೂಟರ್ ಇರುವುದು ಜಗಲಿಯಲ್ಲಿ, ಪಕ್ಕದಲ್ಲೇ ಅಪ್ಪ ಮಲಗುವ ಕೋಣೆ. ರಾತ್ರಿ ಅವರು ಇಳಿಸಿದ ಪ್ರಸಂಗಗಳನ್ನು ಅದರಿಂದಲೇ ಕೇಳುತ್ತಾರೆ, ಹಾಗಾಗಿ ಇಡೀ ದಿನ ಆನ್ ಇರುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ.

ಹೊಸದು ಬೇಡ, ಹಳೇದೇ ಸಾಕು. ಸಿಗುತ್ತಿರುವುದು ಮೂರು. ಒಂದು ಸೆಲೆರಾನ್ ಜೆ1900 ಇರುವ ಫ್ಯಾನ್ ಇಲ್ಲದ ಬೋರ್ಡ್, ಇನ್ನೊಂದು ಅಥ್ಲಾನ್ 5350, ಮತ್ತೊಂದು ಆಫೀಸಿನಿಂದ ಬಂದ ಐ5-6500ಟಿ ಡಬ್ಬಿ, ದಪ್ಪ ಪುಸ್ತಕದಷ್ಟು ದೊಡ್ಡದು. ಟಿಡಿಪಿ ನೋಡಿದರೆ 10, 25, 35 ವ್ಯಾಟ್. ಹಾಗಾದರೆ 10 ವ್ಯಾಟಿನದ್ದೇ ಸರಿ ಅಲ್ವಾ?

ಹುಬ್ಬಳ್ಳಿ ಮೀಟರ್:

ಅಲ್ಲೇ ಎಲ್ಲರೂ ಎಡವುವುದು ಸರ್. ಟಿಡಿಪಿ ಅಂದರೆ ಕರೆಂಟ್ ಬಿಲ್ಲಿನ ಲೆಕ್ಕ ಅಲ್ಲ. ಚಿಪ್ ದುಡಿಯುವಾಗ ಇಷ್ಟು ಬಿಸಿಯನ್ನು ಹೊರಗೆ ಹಾಕುವ ವ್ಯವಸ್ಥೆ ಇರಲಿ ಅಂತ ತಂಪು ಮಾಡುವವರಿಗೆ ಕೊಟ್ಟ ಅಂಕಿ. ನಿಮ್ಮ ಕಂಪ್ಯೂಟರ್ ದಿನದ ಇಪ್ಪತ್ತು ಗಂಟೆ ಸುಮ್ನೆ ಕೂತಿರುತ್ತದೆ ಇಲ್ಲವೇ ಹಾಡು ನುಡಿಸುತ್ತಿರುತ್ತದೆ, ಆಗ 6500ಟಿ ಕೂಡ 35 ವ್ಯಾಟಿನ ಹತ್ತಿರಕ್ಕೂ ಹೋಗುವುದಿಲ್ಲ.

ನನ್ನ ಹತ್ತಿರ ಜೆ1900 ಇತ್ತು, ಈಗ 6500ಟಿ ಇದೆ. ಎರಡನ್ನೂ ಗೋಡೆಯ ಸಾಕೆಟ್‌ಗೆ ಮೀಟರ್ ಹಾಕಿ ನೋಡಿದ್ದೇನೆ. ಸುಮ್ನೆ ಕೂತಾಗ ಜೆ1900 9 ವ್ಯಾಟ್, 6500ಟಿ 11 ವ್ಯಾಟ್, ಎರಡರಲ್ಲೂ ಎಸ್‌ಎಸ್‌ಡಿ. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್ ಆಗುತ್ತದೆ, ಅಂದರೆ ಈ ಎರಡು ವ್ಯಾಟಿನ ವ್ಯತ್ಯಾಸ ವರ್ಷಕ್ಕೆ ಹದಿನೇಳೂವರೆ ಯೂನಿಟ್. ಅಷ್ಟೇ.

ಈಗ ಕೆಲಸದ ವಿಷಯ. 45 ನಿಮಿಷದ ಮಗ್ಗುಲಿನ ಸುಂಯ್ ಸದ್ದು ತೆಗೆಯಲು ನನ್ನ ಜೆ1900ಗೆ ಆರು ನಿಮಿಷ ಹಿಡಿಯುತ್ತಿತ್ತು, 6500ಟಿಗೆ ಎರಡು ನಿಮಿಷ ಸಾಕು. ಆಗ ಜೆ1900 ಎಳೆಯುವುದು 13 ವ್ಯಾಟ್, 6500ಟಿ 25. ಗುಣಿಸಿ ನೋಡಿ, ಜಾಸ್ತಿ ಎಳೆದರೂ ಬೇಗ ಮುಗಿಸುವುದರಿಂದ ಆ ಕೆಲಸ ಮುಗಿಯುವಷ್ಟರಲ್ಲಿ ಎಳೆದ ಕರೆಂಟ್ ಕಡಿಮೆಯೇ ಆಯಿತು. ಎರಡಕ್ಕೂ ನಾಲ್ಕೇ ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಆದರೆ ಆಡಾಸಿಟಿಯ ಈ ಕೆಲಸ ಹೆಚ್ಚುಕಡಿಮೆ ಒಂದೇ ಕೋರ್ ಮೇಲೆ ಓಡುತ್ತದೆ. ಅಲ್ಲಿ ಒಂದೊಂದು ಕೋರಿಗೆ ಎಷ್ಟು ಕಸುವಿದೆ ಅನ್ನುವುದೇ ಮುಖ್ಯ.

ನಿಮ್ಮ ಡಿ525 ಅಷ್ಟು ನಿಧಾನ ಯಾಕೆ ಅಂದರೆ ಅದು ಆಜ್ಞೆಗಳನ್ನು ಬಂದ ಸಾಲಿನಲ್ಲೇ ಮಾಡುವ ಚಿಪ್. ರೇಷನ್ ಅಂಗಡಿ ಸಾಲಿನಲ್ಲಿ ಮುಂದಿನವರು ಚೀಲ ಹುಡುಕುತ್ತ ನಿಂತರೆ ಹಿಂದಿನವರೆಲ್ಲ ನಿಲ್ಲುತ್ತಾರಲ್ಲ, ಹಾಗೆ. ಆಟಂ ವಂಶದಲ್ಲಿ ಈ ಸಾಲು ಮುರಿದದ್ದು 2013ರ ಬೇ ಟ್ರೇಲ್ ಕಾಲಕ್ಕೆ, ಜೆ1900 ಅದೇ ಪೀಳಿಗೆಯದು.

ರಾಯಚೂರು ಬಿಸಿಲು:

ಮೀಟರ್ ಅವರ ಲೆಕ್ಕ ಸರಿ, ಆದರೂ ನಾನು ಜೆ1900 ಪರ ಮಾತಾಡ್ತೀನಿ. ಫ್ಯಾನೇ ಇಲ್ಲ ಅಂದರೆ ಕೆಡುವುದಕ್ಕೆ ತಿರುಗುವ ವಸ್ತುವೇ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಮನೆಯೊಳಗೇ ಕುದಿಯುತ್ತದೆ, ಧೂಳು ಬೇರೆ, ಅಂಥದ್ದರಲ್ಲಿ ನನ್ನದು ಆರು ವರ್ಷ ಓಡಿದೆ. ಬಿಸಿ ಮೇಲಕ್ಕೆ ಹೋಗಲಿ ಅಂತ ಕೇಸನ್ನು ನಿಲ್ಲಿಸಿ ಇಟ್ಟಿದ್ದೇನೆ, ಅಷ್ಟೇ ಉಪಚಾರ.

ತಗೊಳ್ಳುವುದಾದರೆ ಎರಡು ವಿಷಯ ನೆನಪಿರಲಿ. ರ‍್ಯಾಮ್ ಡಿಡಿಆರ್3ಎಲ್ ಆಗಿರಬೇಕು, 1.35 ವೋಲ್ಟಿನದು. ಮನೆಯಲ್ಲಿ ಬಿದ್ದಿರುವ 1.5 ವೋಲ್ಟಿನ ಹಳೇ ಡಿಡಿಆರ್3 ಹಾಕಿ ಬೋರ್ಡ್ ಸತ್ತಿದೆ ಅಂತ ವಾಪಸ್ ಕೊಟ್ಟವರನ್ನು ನೋಡಿದ್ದೇನೆ. 8 ಜಿಬಿ ಮೇಲೆ ಹೋಗುವುದಿಲ್ಲ. ಎರಡನೆಯದು, ಸದ್ದಿಲ್ಲದ ಬೋರ್ಡ್ ತಂದು ಅದಕ್ಕೆ ಅಗ್ಗದ 450 ವ್ಯಾಟಿನ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಕಟ್ಟಬೇಡಿ. ಹತ್ತು ವ್ಯಾಟ್ ಕೊಡಲು ಅದು ತಾನೇ ಹತ್ತಿರಹತ್ತಿರ ಅಷ್ಟೇ ತಿನ್ನುತ್ತದೆ, ಫ್ಯಾನಂತೂ ಗರಗರ ಅನ್ನುತ್ತದೆ. ಅದರ ಬದಲು ಫ್ಯಾನ್ ಇಲ್ಲದ ಸಣ್ಣ ಪಿಕೋ ಪಿಎಸ್‌ಯು, ಹೊರಗೆ 12 ವೋಲ್ಟ್ 5 ಆಂಪ್ ಅಡಾಪ್ಟರ್ ಸಾಕು.

ಇನ್ನೊಂದು, ನಿಮಗೆ ಇದೇ ದೊಡ್ಡ ವಿಷಯ ಆಗಬಹುದು. ಕ್ಯಾಸೆಟ್ ಡೆಕ್ಕಿನಿಂದ ಬರುವ ವೈರ್ ಎಲ್ಲಿಗೆ ಚುಚ್ಚುತ್ತೀರಿ? ಜೆ1900 ಬೋರ್ಡ್‌ಗಳ ಹಿಂದೆ ಸಾಮಾನ್ಯವಾಗಿ ನೀಲಿ ಬಣ್ಣದ ಲೈನ್-ಇನ್ ತೂತು ಇರುತ್ತದೆ. ಆಫೀಸಿನ ಆ ಪುಟ್ಟ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ, ಹೆಡ್‌ಫೋನ್ ಮತ್ತು ಮೈಕ್ ಮಾತ್ರ. ಡೆಕ್ಕನ್ನು ಮೈಕ್ ತೂತಿಗೆ ಕೊಟ್ಟರೆ ಭಾಗವತರ ಏರುದನಿ ಬಂದ ಕಡೆಯೆಲ್ಲ ಒಡೆದು ಹೋಗುತ್ತದೆ, ಆಮೇಲೆ ಸರಿ ಮಾಡಲು ಬರುವುದಿಲ್ಲ.

ಮೈಸೂರು ನಾಲ್ಕು ಕೋರ್:

ಅಥ್ಲಾನ್ 5350 ನಾನು 2015ರಿಂದ ಬಳಸಿದ್ದೇನೆ. ಎಎಂ1 ಸಾಕೆಟ್, 2.05 ಗಿಗಾಹರ್ಟ್ಸ್, ನಾಲ್ಕು ಜಾಗ್ವಾರ್ ಕೋರ್. ಆ ಕಾಲಕ್ಕೆ ತುಂಬಾ ಇಷ್ಟಪಟ್ಟು ತಗೊಂಡದ್ದು. ಜೆ1900ರಲ್ಲಿ ಇಲ್ಲದ ಎಇಎಸ್ ಸೌಲಭ್ಯ (ಡೇಟಾ ಗೂಢಲಿಪಿ ಮಾಡುವುದನ್ನು ವೇಗಗೊಳಿಸುವುದು) ಇದರಲ್ಲಿದೆ, ಡಿಸ್ಕ್ ಲಾಕ್ ಮಾಡಿ ಇಡುವವರಿಗೆ ಅದು ಬೇಕೇ ಬೇಕು. ಆದರೆ ನಿಮಗೆ ಬೇಡ ಅನ್ನುತ್ತೇನೆ. ಜೊತೆಗೆ ಬರುವ ಸಣ್ಣ ಫ್ಯಾನ್ ಸದ್ದು ಮಾಡುತ್ತದೆ, ನನ್ನ ಸಾದಾ ಎಸ್‌ಎಂಪಿಎಸ್ ಜೊತೆ ಸುಮ್ನೆ ಕೂತಾಗಲೇ 17 ವ್ಯಾಟ್. ಸಾಕೆಟ್ ಇದ್ದರೂ ಅದಕ್ಕೆ ಮುಂದಿನ ಪೀಳಿಗೆಯ ಚಿಪ್ ಬರಲೇ ಇಲ್ಲ. ಈಗ ಬೋರ್ಡ್ ಹೋದರೆ ಇನ್ನೊಂದು ಹುಡುಕುವುದು ಕಷ್ಟ.

ಸಾಗರದ ಕ್ಯಾಸೆಟ್:

ಲೈನ್-ಇನ್ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ, ರಾಯಚೂರಿನವರಿಗೆ ದೊಡ್ಡ ಥ್ಯಾಂಕ್ಸ್. ಈಗ ಹೋಗಿ ನೋಡಿದೆ, ನಾನು ಇಷ್ಟು ದಿನ ಚುಚ್ಚಿದ್ದು ನೀಲಿಗೇ, ಸದ್ಯ. ಹಾಗಾದರೆ 6500ಟಿ ತಗೊಂಡರೆ ದಾರಿ ಏನು? ಮತ್ತೆ ಅದರಲ್ಲಿ ಫ್ಯಾನ್ ಇದೆಯಲ್ಲ, ರಾತ್ರಿ ಕೇಳಿಸುತ್ತದಾ?

ಹುಬ್ಬಳ್ಳಿ ಮೀಟರ್:

ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಡಬ್ಬಿ ತಗೊಳ್ಳಿ, ಮೈಕ್ ಮಾತ್ರ ಇರುವ ಪೆನ್ ಡ್ರೈವ್ ಗಾತ್ರದ್ದು ಬೇಡ. ನಿಜ ಹೇಳಬೇಕೆಂದರೆ ಬೋರ್ಡಿನ ಒಳಗಿನ ಲೈನ್-ಇನ್‌ಗಿಂತ ಇದು ಒಳ್ಳೆಯದು, ಬೋರ್ಡಿನ ಗುಂಯ್ ಸದ್ದು ರೆಕಾರ್ಡಿಂಗ್ ಒಳಗೆ ಸೇರುವುದು ಕಡಿಮೆ.

ಫ್ಯಾನ್ ಬಗ್ಗೆ. ತಂದ ದಿನವೇ ಮುಚ್ಚಳ ತೆಗೆಯಿರಿ, ಹೆಚ್ಚಿನವಕ್ಕೆ ಹಿಂದೆ ಒಂದೇ ಸ್ಕ್ರೂ. ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕ್ ಹಲ್ಲುಗಳಿಗೂ ನಡುವೆ ಧೂಳು ಕಂಬಳಿ ತರ ಕಟ್ಟಿಕೊಂಡಿರುತ್ತದೆ. ಫ್ಯಾನ್ ಎತ್ತಿ ಅದನ್ನು ಚಿಮುಟದಲ್ಲಿ ಎಳೆದರೆ ನನ್ನದರಲ್ಲಿ ಇಡಿಯಾಗಿ ಒಂದು ಪಟ್ಟಿ ಎದ್ದು ಬಂತು. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಹಳೇ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಒರೆಸಿ ಹೊಸದು ಹಚ್ಚಿದೆ. ಆಮೇಲೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಟರ್ಬೊ ಆಫ್ ಮಾಡಿ. 3.1ಕ್ಕೆ ಏರುವುದು ಬಿಟ್ಟು 2.5 ಗಿಗಾಹರ್ಟ್ಸ್‌ನಲ್ಲೇ ನಿಲ್ಲುತ್ತದೆ, ನಿಮ್ಮ ಕೆಲಸಕ್ಕೆ ಸುಮಾರು ಅರ್ಧ ನಿಮಿಷ ಜಾಸ್ತಿ, ಅಷ್ಟೇ. ನಮ್ಮನೆಯಲ್ಲಿ ಟಿವಿ ಹಿಂದೆ ಇದೆ. ರಾತ್ರಿ ಕಿವಿ ಹತ್ತಿರ ಕೊಂಡೊಯ್ದರೆ ಮಾತ್ರ ತಿರುಗುತ್ತಿದೆ ಅಂತ ಗೊತ್ತಾಗುತ್ತದೆ.

ತುಮಕೂರು ಲಿನಕ್ಸ್:

ನಡುವೆ ಒಂದು ಮಾತು. ಅಪ್ಪ ಯೂಟ್ಯೂಬ್ ಕೂಡ ನೋಡುತ್ತಾರಾದರೆ ಜೆ1900 ಬೇಡವೇ ಬೇಡ, ಅದಕ್ಕೆ ವಿಪಿ9 (ಯೂಟ್ಯೂಬ್ ವಿಡಿಯೊ ಕುಗ್ಗಿಸಿ ಕಳಿಸುವ ಒಂದು ವಿಧಾನ) ಬಿಡಿಸುವ ಹಾರ್ಡ್‌ವೇರ್ ಇಲ್ಲ, ಆ ಕೆಲಸವೆಲ್ಲ ಕೋರ್‌ಗಳ ಮೇಲೇ ಬೀಳುತ್ತದೆ. ಸಾಧ್ಯವಾದರೆ 6500ಟಿಯ ಮುಂದಿನ ಪೀಳಿಗೆಯ ಐ5-7500ಟಿ ಇರುವ ಡಬ್ಬಿ ಹುಡುಕಿ, ಅದೂ 35 ವ್ಯಾಟ್, ವಿಪಿ9 ಪೂರ್ತಿ ಹಾರ್ಡ್‌ವೇರಲ್ಲೇ ಆಗುತ್ತದೆ. ಫ್ಯಾನ್ ಬೇಡವೇ ಬೇಡ ಅನ್ನುವುದಾದರೆ ಜೆ1900 ಬದಲು ಸೆಲೆರಾನ್ ಜೆ4105 ನೋಡಿ. ಅದೂ 10 ವ್ಯಾಟ್, ಆದರೆ 2017ರ ಕೊನೆಯದು, ಎಇಎಸ್ ಇದೆ, ವಿಪಿ9 ಇದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ನೀವು ಹೇಳಿದ ಮೂರೂ ಇಲ್ಲ, 7500ಟಿಯೂ ಇಲ್ಲ. ಜೆ4105 ಇದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಆಡಾಸಿಟಿ ಅದರಲ್ಲೂ ಚೆನ್ನಾಗಿ ಓಡುತ್ತದೆ.

ಮತ್ತೆ ಜಾಗದ ಲೆಕ್ಕ. 90 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ ಫೈಲಾಗಿ ಇಟ್ಟರೆ 950 ಎಂಬಿ. ಇನ್ನೂರು ಕ್ಯಾಸೆಟ್ ಅಂದರೆ 190 ಜಿಬಿ. ಫ್ಲಾಕ್ ಅನ್ನುವ ಫೈಲ್ ರೂಪಕ್ಕೆ ಬದಲಿಸಿದರೆ ಗುಣಮಟ್ಟ ಹೋಗದೆ ಜಾಗ ಉಳಿಯುತ್ತದೆ. ಸದ್ದು ತೆಗೆಯುವ ಮುಂಚಿನ ಮೂಲ ಪ್ರತಿಯನ್ನು ದಯವಿಟ್ಟು ಅಳಿಸಬೇಡಿ, ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯೂ ಇರಲಿ.

ಸಾಗರದ ಕ್ಯಾಸೆಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಯೂಟ್ಯೂಬಲ್ಲಿ ಯಕ್ಷಗಾನ ನೋಡುತ್ತಾರೆ, ಹಾಗಾಗಿ ಜೆ1900 ಬಿಟ್ಟೆ. ಮುಂದಿನ ಶನಿವಾರ ಬೆಂಗಳೂರಿಗೆ ಹೋಗುವುದಿದೆ, ಎಸ್‌ಪಿ ರೋಡಿನಲ್ಲಿ ಮೊದಲು 7500ಟಿ ಕೇಳುತ್ತೇನೆ, ಸಿಗದಿದ್ದರೆ 6500ಟಿ. ಅಂಗಡಿಯ ಗಲಾಟೆಯಲ್ಲಿ ಫ್ಯಾನ್ ಸದ್ದು ಗೊತ್ತಾಗುವುದಿಲ್ಲ, ಕಿವಿಗೆ ಹಿಡಿದೇ ಕೇಳಬೇಕು.

ಕೊನೆಗೆ ಒಂದು ಪ್ರಶ್ನೆ. ಡೆಕ್ಕಿನ ರಬ್ಬರ್ ಬೆಲ್ಟ್ ಸಡಿಲಾಗಿ ಎರಡನೇ ಮಗ್ಗುಲಲ್ಲಿ ಮದ್ದಳೆ ಶ್ರುತಿ ಇಳಿದಂತೆ ಕೇಳುತ್ತಿದೆ. ಅದೇ ರಸ್ತೆಯ ಸುತ್ತಮುತ್ತ ಇಂಥ ಬೆಲ್ಟ್ ಇನ್ನೂ ಸಿಗುತ್ತದಾ? ಅಳತೆಗೆ ಹಳೇ ಬೆಲ್ಟ್ ಬಿಚ್ಚಿ ತಗೊಂಡು ಹೋಗಲಾ?