‘ಟ್ರಿಬ್ಯೂಟ್ ಕಾರು’ – ಕನ್ನಡದಲ್ಲಿ ಏನೆಂದು ಬರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಫಲಕಕ್ಕೆ ನಾಲ್ಕು ಸಾಲು ಕನ್ನಡ ಬರೆದುಕೊಡಬೇಕಾಗಿದೆ. ಒಂದು ಪದ ಸಿಗದೆ ಕೆಲಸ ನಿಂತಿದೆ. ಹಿನ್ನೆಲೆ ಹೇಳದಿದ್ದರೆ ತೊಡಕು ಎಲ್ಲಿದೆ ಎಂದು ತಿಳಿಯುವುದಿಲ್ಲ, ಹಾಗಾಗಿ ಪತ್ರ ಸ್ವಲ್ಪ ಉದ್ದವಾದೀತು.

ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಸೆಕೆಂಡ್ ಹ್ಯಾಂಡ್ ನಿಸಾನ್ 370ಜೆಡ್ ಒಂದನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ. ನೆಲಕ್ಕೆ ಅಂಟಿಕೊಂಡಂತಿದ್ದ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದಾರೆ. ತೆಳು ಟೈರು ತೆಗೆದು ಕಲ್ಲುಮಣ್ಣಿಗೆ ತಡೆಯುವ ದಪ್ಪ ಟೈರು ಹಾಕಿದ್ದಾರೆ, ಇಂಜಿನ್ ಅಡಿಗೆ ಕಲ್ಲೇಟು ಬೀಳದಂತೆ ಗಾರ್ಡ್ ಕಟ್ಟಿದ್ದಾರೆ. ಮೈ ಕೆಂಪು, ಬಾನೆಟ್ ಕಪ್ಪು, ಬಾಗಿಲ ಮೇಲೆ 11 ಅನ್ನುವ ನಂಬರು. ಕಾರಿನ ಬಗ್ಗೆ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು: 1971ರಲ್ಲಿ ಪೂರ್ವ ಆಫ್ರಿಕಾದ ಕಾರು ಸ್ಪರ್ಧೆ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು ಎಡ್ಗರ್ ಹರ್ಮನ್ ಮತ್ತು ಹಾನ್ಸ್ ಷುಲ್ಲರ್ ಗೆದ್ದ, ನಿಸಾನ್ ಕಂಪನಿಯದೇ ಆದ ಡಾಟ್ಸನ್ 240ಜೆಡ್ ಕಾರಿನ ರೂಪ ಅದು. 1973ರಲ್ಲಿ ಅದೇ ಮಾದರಿಯ ಕಾರಿನಲ್ಲಿ ಗೆದ್ದವರು ಉಗಾಂಡದಲ್ಲಿ ಹುಟ್ಟಿದ, ಭಾರತ ಮೂಲದ ಶೇಖರ್ ಮೆಹ್ತಾ. ಮುಂದೆ 1979ರಿಂದ 1982ರವರೆಗೆ ಸತತ ನಾಲ್ಕು ವರ್ಷವೂ ಸಫಾರಿ ಅವರದೇ. ಈ ಹೆಸರು ನಮ್ಮ ಹುಡುಗರಿಗೆ ಗೊತ್ತಾಗಲಿ ಎಂಬುದಕ್ಕಾದರೂ ಫಲಕ ಕನ್ನಡದಲ್ಲೇ ಇರಬೇಕೆಂದು ನಾನು ಹಟ ಹಿಡಿದೆ. ಇಂಥ ಕಾರನ್ನು ನಿಸಾನ್ ಕಂಪನಿ ತಾನೇ ಒಂದು ಮಾಡಿಸಿ 2023ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಸೆಮಾ ಎಂಬ ವಾಹನ ಪ್ರದರ್ಶನದಲ್ಲಿ ಇಟ್ಟಿತ್ತು. ಹುಡುಗರಿಗೆ ಆಸೆ ಹುಟ್ಟಿದ್ದು ಅಲ್ಲಿಂದ.

ಇದನ್ನು ಅವರೆಲ್ಲ ‘ಟ್ರಿಬ್ಯೂಟ್ ಬಿಲ್ಡ್’ ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನು?

‘ಬಿಲ್ಡ್’ ಬಗ್ಗೆ ನನಗೆ ಚಿಂತೆಯಿಲ್ಲ. ಲಾರಿಗೆ ಬಾಡಿ ಕಟ್ಟಿಸುತ್ತೇವೆ ಎಂದು ನಮ್ಮ ಕಡೆ ಹೇಳಿಯೇ ಹೇಳುತ್ತಾರೆ, ‘ಕಟ್ಟು’ ಅನ್ನುವ ಕ್ರಿಯಾಪದ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ‘ಕಟ್ಟಿದ ಕಾರು’ ಅಂದರೆ ಮೆಕ್ಯಾನಿಕ್ಕಿಗೂ ತಿಳಿಯುತ್ತದೆ, ಓದುಗನಿಗೂ ತಿಳಿಯುತ್ತದೆ.

‘ರ‍್ಯಾಲಿ’ ಮಾತ್ರ ನಾನೆಣಿಸಿದ್ದಕ್ಕಿಂತ ತೊಡಕಿನ ಪದ. ಪತ್ರಿಕೆ ಓದುವ ಕನ್ನಡಿಗನಿಗೆ ರ‍್ಯಾಲಿ ಎಂದರೆ ಮೊದಲು ನೆನಪಾಗುವುದು ಪಕ್ಷದ ಸಮಾವೇಶ, ಬಾವುಟ ಕಟ್ಟಿಕೊಂಡು ಹೋಗುವ ಬೈಕ್ ರ‍್ಯಾಲಿ. ‘ಹಳೆಯ ರ‍್ಯಾಲಿ ಕಾರು’ ಎಂದು ಬರೆದ ಕರಡನ್ನು ಅಕ್ಕ ಓದಿ, ‘ಯಾವ ಪಾರ್ಟಿಯದ್ದೋ ಇದು?’ ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ‘ರೇಸ್’ ಎನ್ನಲೂ ಆಗದು. ರೇಸಿನಲ್ಲಿ ಕಾರುಗಳು ಒಂದರ ಪಕ್ಕ ಒಂದು ಓಡುತ್ತವೆ, ರ‍್ಯಾಲಿಯಲ್ಲಿ ಒಂದಾದ ಮೇಲೊಂದು ಹೊರಟು ಗಡಿಯಾರದ ಜೊತೆ ಸೆಣಸುತ್ತವೆ. ಆಗಿನ ಸಫಾರಿಯಲ್ಲಂತೂ ಓಟ ಸಾವಿರಾರು ಕಿಲೋಮೀಟರ್, ಜನ ದನ ಓಡಾಡುವ ದಾರಿಯಲ್ಲೇ. ಸಮಯ ಗುರುತು ಹಾಕುವ ಒಂದು ಠಾಣೆಯಿಂದ ಇನ್ನೊಂದಕ್ಕೆ ತಡವಾದಷ್ಟೂ ದಂಡದ ಅಂಕ, ಕಡಿಮೆ ದಂಡ ಬಿದ್ದವರು ಗೆದ್ದಂತೆ. ‘ಮೋಟಾರ್ ರ‍್ಯಾಲಿ’ ಎಂದು ಬಿಡಿಸಿ ಬರೆದರೆ ಗೊಂದಲ ಕಳೆಯುತ್ತದೆ ಎಂದು ನನ್ನ ಎಣಿಕೆ.

‘ವಿಂಟೇಜ್’ ಪದವನ್ನು ನಾನೇ ಬಿಟ್ಟೆ. 2021ರಿಂದ ನಮ್ಮ ದೇಶದಲ್ಲಿ ಅದು ಕಾನೂನಿನ ಪದವೂ ಹೌದು: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಶೆಡ್ಡಿನಲ್ಲಿರುವ ಕಾರಿಗೆ ಇವೆರಡೂ ಇಲ್ಲ. ‘ಹಳೇ ಕಾಲದ’ ಎಂದರೆ ಸಾಕು.

ಇನ್ನು ‘ಟ್ರಿಬ್ಯೂಟ್’.

ಇಂಗ್ಲಿಷ್-ಕನ್ನಡ ನಿಘಂಟು ತೆರೆದರೆ ಕಪ್ಪ, ಕಾಣಿಕೆ. ಕಪ್ಪ ಸಾಮಂತರು ಚಕ್ರವರ್ತಿಗೆ ಕೊಡುವುದು, ಅದರಲ್ಲಿ ಪ್ರೀತಿಗಿಂತ ಭಯ ಜಾಸ್ತಿ. ಕಾಣಿಕೆ ಎಂದರೆ ಕೊಟ್ಟುಬಿಡುವುದು, ಇಲ್ಲಿ ಕಾರನ್ನು ಯಾರೂ ಯಾರಿಗೂ ಕೊಡುತ್ತಿಲ್ಲ.

ಫ್ಲೆಕ್ಸ್ ಅಂಗಡಿಯವರು ತಮ್ಮ ಅಭ್ಯಾಸದಂತೆ ‘1971ರ ಸಫಾರಿ ಕಾರಿಗೆ ಶ್ರದ್ಧಾಂಜಲಿ’ ಎಂದು ಟೈಪ್ ಮಾಡಿ ತೋರಿಸಿದರು. ಪದದ ಮೂಲಾರ್ಥದಲ್ಲಿ ಸಾವಿನ ಮಾತೇ ಇಲ್ಲ, ಶ್ರದ್ಧೆಯಿಂದ ಕೈಮುಗಿಯುವುದು ಅಷ್ಟೆ. ಆದರೆ ನಮ್ಮ ತುಮಕೂರಿನ ಬಿ.ಎಚ್. ರಸ್ತೆಯುದ್ದಕ್ಕೂ ಆ ಪದವನ್ನು ಯಾವ ಫೋಟೋದ ಕೆಳಗೆ ನೋಡಿ ಬೆಳೆದಿದ್ದೇವೆ ಎಂಬುದು ಎಲ್ಲರಿಗೂ ಗೊತ್ತು. ‘ಜ್ಞಾಪಕಾರ್ಥ’ವೂ ಹಾಗೆಯೇ, ದೇವಸ್ಥಾನದ ಕಲ್ಲುಬೆಂಚಿಗೂ ಬಸ್ ತಂಗುದಾಣಕ್ಕೂ ಅಂಟಿಹೋಗಿದೆ. ‘ಗೌರವ’ ಹೊಂದುತ್ತದೆ ಅನ್ನಿಸಿತ್ತು, ಆದರೆ ಗೌರವ ಡಾಕ್ಟರೇಟ್, ಗೌರವ ಕಾರ್ಯದರ್ಶಿ ಎಂಬ ರೂಢಿಯಿಂದಾಗಿ ‘ಗೌರವ ಕಾರು’ ಎಂದರೆ ಹೆಸರಿಗಷ್ಟೇ ಕಾರು ಎಂಬರ್ಥ ಬಂದುಬಿಡುತ್ತದೆ.

‘ಪ್ರತಿಕೃತಿ’ ಅನ್ನಬಹುದಲ್ಲ ಎಂದು ಕೆಲವರು ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ. ಪ್ರತಿಕೃತಿಗೆ ಮೂಲದ ಒಂದೊಂದು ತಿರುಪೂ ಬೇಕು. 240ಜೆಡ್‌ನದು 2.4 ಲೀಟರಿನ, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಇಂಜಿನ್, 370ಜೆಡ್‌ನದು 3.7 ಲೀಟರಿನ ವಿ-6. ಹುಡುಗರು ಇದನ್ನು ಮುಚ್ಚಿಡುವುದೂ ಇಲ್ಲ, ಬಾನೆಟ್ ಎತ್ತಿ ತೋರಿಸುತ್ತಾರೆ. ಹಳೆಯದನ್ನೇ ರಿಪೇರಿ ಮಾಡಿ ಮೊದಲಿನಂತೆ ನಿಲ್ಲಿಸುವುದಕ್ಕೆ ದೇವಸ್ಥಾನಗಳಿಂದ ಬಂದ ‘ಜೀರ್ಣೋದ್ಧಾರ’ ಇದೆ, ಇದು ಅದೂ ಅಲ್ಲ. ಇದು ಹೊಸದಾಗಿಯೇ ಇದ್ದುಕೊಂಡು ಹಳೆಯದರ ಗುರುತನ್ನು ಮೈಮೇಲೆ ಹೊರುವ ಕೆಲಸ. ಯಾವ ಗುರುತು, ಏಕೆ ಎಂಬುದೂ ತಿಳಿದಿರಬೇಕು. ಪೇಂಟರ್ ಕಪ್ಪು ಬಾನೆಟ್ಟಿಗೆ ಬಣ್ಣ ಹೊಡೆದು ಮುಗಿಸಿ, ಮೇಲೆ ಹೊಳಪಿನ ಲ್ಯಾಕರ್ ಹೊಡೆಯಲು ಗನ್ ಎತ್ತಿಕೊಂಡಿದ್ದ. ಅವನ ಕೈಗೆ ರೂಢಿಯಾದ ಕೆಲಸ ಅದು. ಅಳಿಯ ಓಡಿಹೋಗಿ ತಡೆದ. ರ‍್ಯಾಲಿ ಕಾರಿನ ಬಾನೆಟ್ಟಿಗೆ ಹೊಳಪಿಲ್ಲದ ಕಪ್ಪು ಬಳಿಯುತ್ತಿದ್ದುದು ಅಂದಕ್ಕಲ್ಲ, ಅದರ ಮೇಲೆ ಬಿದ್ದ ಬಿಸಿಲು ಡ್ರೈವರನ ಕಣ್ಣಿಗೆ ಹೊಡೆಯದಿರಲಿ ಎಂದು. ಹೊಳಪು ಕೊಟ್ಟುಬಿಟ್ಟರೆ ಬಣ್ಣ ಉಳಿಯುತ್ತದೆ, ಅದರ ಕಾರಣ ಹೋಗುತ್ತದೆ. ನಮಗೆ ಬೇಕಾದ ಪದದಲ್ಲಿ ಈ ಅರಿವಿನ ಗೌರವ ಇರಬೇಕು. ‘ನಕಲು’, ‘ಪ್ರತಿಕೃತಿ’, ‘ತದ್ರೂಪು’ಗಳಲ್ಲಿ ಅದು ಇಲ್ಲ.

ಶೆಡ್ಡಿನ ಹಿರಿಯ ಟಿಂಕರ್ ಒಬ್ಬರು ಗುಬ್ಬಿ ಕಡೆಯವರು, ಊರ ಜಾತ್ರೆಯಲ್ಲಿ ಕುರುಕ್ಷೇತ್ರ ನಾಟಕ ಆಡಿದವರು. ಅವರು ಯಾವ ಯೋಚನೆಯೂ ಇಲ್ಲದೆ, ‘ಇದು ಹಳೇ ಗಾಡಿ ಪಾರ್ಟ್ ಹಾಕೈತೆ ಸಾರ್’ ಅಂದರು. ಎಷ್ಟು ಚೆನ್ನಾದ ಮಾತು! ದುರ್ಯೋಧನನ ಪಾರ್ಟ್ ಹಾಕಿದವನು ದುರ್ಯೋಧನನ ನಕಲಲ್ಲ, ಊರವರಿಗೆಲ್ಲ ಅವನು ಯಾರ ಮಗ ಎಂದು ಗೊತ್ತು, ಆದರೂ ಕಿರೀಟ ಗದೆ ಇಟ್ಟು ರಂಗಕ್ಕೆ ಬಂದರೆ ಕುಳಿತವರು ನೋಡುವುದು ದುರ್ಯೋಧನನನ್ನೇ. ನಾನು ಅದನ್ನೇ ಬಳಸುತ್ತಿದ್ದೆ, ಆದರೆ ಗ್ಯಾರೇಜಿನಲ್ಲಿ ‘ಪಾರ್ಟ್ ಹಾಕು’ ಎಂದರೆ ಬಿಡಿಭಾಗ ಜೋಡಿಸು ಎಂದೇ ಅರ್ಥ. ‘ಹಳೇ ಗಾಡಿ ಪಾರ್ಟ್ ಹಾಕಿದ ಕಾರು’ ಎಂದು ಫಲಕದಲ್ಲಿದ್ದರೆ ಗುಜರಿ ಸಾಮಾನು ಜೋಡಿಸಿದ್ದಾರೆ ಎಂದುಕೊಳ್ಳುತ್ತಾರೆ. ‘ವೇಷ’ ಎನ್ನೋಣವೆಂದರೆ ‘ವೇಷಧಾರಿ’ಯ ಕಳಂಕ ಬೆನ್ನು ಬಿಡುವುದಿಲ್ಲ.

ಕೊನೆಗೆ ನನ್ನ ಮನಸ್ಸು ‘ನಮನ’ದ ಕಡೆ ವಾಲಿದೆ. ನುಡಿನಮನ ಹೆಚ್ಚಾಗಿ ಅಗಲಿದವರಿಗೇ ಸಲ್ಲುವುದಾದರೂ ಗುರುನಮನ, ಗೀತನಮನಗಳು ಬದುಕಿರುವವರಿಗೂ ನಡೆಯುತ್ತವೆ, ಹಾಗಾಗಿ ಸಾವಿನ ನೆರಳು ತೆಳು. ಒಂದು ವ್ಯಾಕರಣದ ತೊಡಕು ಉಳಿದಿದೆ. ‘ಗುರುನಮನ’ದಲ್ಲಿ ಮೊದಲ ಪದ ನಮನ ಪಡೆಯುವವರನ್ನು ಹೇಳುತ್ತದೆ, ‘ನುಡಿನಮನ’ದಲ್ಲಿ ನಮನ ಸಲ್ಲಿಸುವ ಸಾಧನವನ್ನು. ಹೀಗಿರುವಾಗ ‘ಕಾರುನಮನ’ ಎಂದರೆ ಕಾರಿಗೆ ನಮಸ್ಕಾರವೋ, ಕಾರಿನ ಮೂಲಕ ನಮಸ್ಕಾರವೋ? ಇಲ್ಲಿ ಎರಡೂ ನಿಜವೇ, ಆದರೆ ಓದುವವರಿಗೆ ಯಾವುದಾದರೂ ಒಂದು ಸ್ಪಷ್ಟವಾಗಬೇಕು. ಅದಕ್ಕೇ ಸಮಾಸ ಬಿಟ್ಟು ವಾಕ್ಯ ಮಾಡಿ ಹೀಗೆ ಬರೆದಿದ್ದೇನೆ: ‘1971ರ ಸಫಾರಿ ಮೋಟಾರ್ ರ‍್ಯಾಲಿ ಗೆದ್ದ ಡಾಟ್ಸನ್ 240ಜೆಡ್‌ಗೆ ನಮಿಸಿ ಕಟ್ಟಿದ ಹೊಸ ಕಾರು.’ ಫಲಕಕ್ಕೆ ಇದು ಸಾಕು. ಆದರೆ ‘ಇದೊಂದು ಟ್ರಿಬ್ಯೂಟ್ ಕಾರು’ ಎಂದು ಮಾತಿನ ನಡುವೆ ಬಂದಾಗ ಹೇಳಲು ಒಂದೇ ಪದದ ಹೆಸರು ಬೇಕಲ್ಲ? ‘ನಮನದ ಕಾರು’ ನಾಲಗೆಗೆ ಹತ್ತುತ್ತದೆಯೇ?

ತಿಳಿದವರು ಹೇಳಬೇಕಾದದ್ದು ಇಷ್ಟು. ‘ನಮನ’ವನ್ನು ಮನುಷ್ಯರಲ್ಲದೆ ಒಂದು ವಸ್ತುವಿಗೆ ಸಲ್ಲಿಸಿದ ಬಳಕೆ ನಿಮ್ಮ ಓದಿನಲ್ಲಿ ಕಂಡಿದೆಯೇ? ಹರಿಕಥೆ, ಬಯಲಾಟ, ಸಂಗೀತದವರು ಹಿಂದಿನವರ ಧಾಟಿಯಲ್ಲಿ ಹಾಡಿ ಗೌರವಿಸುವುದಕ್ಕೆ ಬೇರೆ ಹೆಸರೇನಾದರೂ ಇಟ್ಟಿದ್ದಾರೆಯೇ? ಅಂಥದ್ದಿದ್ದರೆ ನಾನು ಹೊಸ ಪದ ಹುಟ್ಟಿಸುವುದಕ್ಕಿಂತ ಅದನ್ನೇ ಎರವಲು ತರುವುದು ಮೇಲು. ಕೋಲಾರ, ಚಿಕ್ಕಬಳ್ಳಾಪುರದ ಗ್ಯಾರೇಜುಗಳಲ್ಲಿ ತೆಲುಗು ಬೆರೆತ ಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ಆ ಕಡೆಯವರು ವಿಚಾರಿಸಿ ಬರೆದರೂ ಉಪಕಾರ. ಫಲಕ ಮುಂದಿನ ವಾರ ಅಚ್ಚಿಗೆ ಹೋಗಬೇಕು, ಅದಕ್ಕೆ ಮೊದಲು ಉತ್ತರ ಬಂದರೆ ತಿದ್ದಲು ಜಾಗ ಬಿಟ್ಟಿದ್ದೇನೆ.