‘ಹಸುವಿನ ತಲೆ’ ಅನ್ನೋ ಅಡ್ಡಹೆಸರು: ಕುರಿಗಾಹಿಯ ಕಥೆಯೋ, ಗುಡ್ಡದ ಹೆಸರೋ?

ಪದಬೇಟೆ
ಸ್ಪೇನಿನ ಅಪರೂಪದ ಅಡ್ಡಹೆಸರೊಂದು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಕಬೇಸಾ ದೆ ವಾಕಾ. ಕಬೇಸಾ ಅಂದರೆ ತಲೆ, ವಾಕಾ ಅಂದರೆ ಹಸು. ಸೇರಿಸಿದರೆ ಹಸುವಿನ ತಲೆ!

ಇದರ ಹಿಂದಿನ ಕಥೆ ಕೇಳಿ. 1212ರಲ್ಲಿ ಕ್ಯಾಸ್ಟೀಲ್, ಅರಗಾನ್, ನವಾರಾ ಮೂರೂ ರಾಜ್ಯಗಳ ಅರಸರು ಒಟ್ಟಾಗಿ, ದಕ್ಷಿಣ ಸ್ಪೇನನ್ನು ಆಳುತ್ತಿದ್ದ ಅಲ್ಮೊಹಾದ್ ಮನೆತನದ ಖಲೀಫ ಅಲ್ ನಾಸಿರ್ ಮೇಲೆ ದಂಡೆತ್ತಿ ಹೋದರು. ಸಿಯೆರಾ ಮೊರೇನಾ ಬೆಟ್ಟಸಾಲಿನ ಕಣಿವೆಯನ್ನು ಖಲೀಫನ ಪಡೆ ಕಾಯುತ್ತಿತ್ತು. ದಂಡು ಅಲ್ಲೇ ನಿಂತಿತು. ಆಗ ಮಾರ್ಟಿನ್ ಅಲಾಹಾ ಎಂಬ ಕುರಿಗಾಹಿ ಬಂದು, ಕಾವಲಿಲ್ಲದ ಇನ್ನೊಂದು ದಾರಿ ಇದೆ ಎಂದನಂತೆ. ಆ ದಾರಿ ಶುರುವಾಗುವ ಕಡೆ ಹಸುವಿನ ಬುರುಡೆ ಇಟ್ಟು ಗುರುತು ಮಾಡಿದನಂತೆ. ಜುಲೈ 16ರಂದು ಲಾಸ್ ನಾವಾಸ್ ದೆ ತೊಲೋಸಾದಲ್ಲಿ ಮೂವರು ಅರಸರ ಪಡೆ ಗೆದ್ದಿತು. ಅವನ ಮನೆತನಕ್ಕೆ ಈ ಹೆಸರು ಇನಾಮಾಗಿ ಬಂತಂತೆ. ನನಗಂತೂ ನಂಬೋಣ ಅನ್ನಿಸುತ್ತದೆ. ನೀವೇನಂತೀರಿ?

ಕಲ್ಲುಸಕ್ಕರೆ
ಎಷ್ಟು ‘ಅಂತೆ’ ಇವೆ ನೋಡಿ ನಿಮ್ಮ ಬರಹದಲ್ಲಿ! ಇದು ಕಾಗಕ್ಕ ಗುಬ್ಬಕ್ಕನ ಕಥೆ. ಆ ದಂಡಿನ ಜೊತೆಗೇ ಇದ್ದ ತೊಲೇಡೊದ ಆರ್ಚ್‌ಬಿಷಪ್ ರೊದ್ರಿಗೊ ಹಿಮೆನೆಸ್ ದೆ ರಾದಾ ಆಮೇಲೆ ಇತಿಹಾಸ ಬರೆದಿದ್ದಾರೆ. ದಾರಿ ತೋರಿಸಿದ ಹಳ್ಳಿಗ ಅದರಲ್ಲಿ ಇದ್ದಾನೆ, ಅವನಿಗೆ ಹೆಸರಿಲ್ಲ. ದೇವರೇ ಕಳಿಸಿದವನು ಅನ್ನುವ ಧಾಟಿಯಲ್ಲಿ ಬರುತ್ತಾನೆ, ಅಷ್ಟೇ. ಅಲಾಹಾ ಎಂಬ ಹೆಸರು ಅಂಟಿಕೊಂಡದ್ದು ಆಮೇಲೆ.

ಪದಬೇಟೆ
ಹೆಸರು ಬರೆದಿಲ್ಲ ಅಂದ ಮಾತ್ರಕ್ಕೆ ಅವನಿಗೆ ಹೆಸರೇ ಇರಲಿಲ್ಲ ಅಂತಲ್ಲವಲ್ಲ. ಕುರಿ ಮೇಯಿಸುವವನ ಹೆಸರನ್ನು ಆರ್ಚ್‌ಬಿಷಪ್ ಯಾಕೆ ಕೇಳುತ್ತಾರೆ ಹೇಳಿ?

ಕಲ್ಲುಸಕ್ಕರೆ
ಮಾತು ಚೆನ್ನಾಗಿದೆ. ಆದರೆ ತೊಂದರೆ ಏನು ಗೊತ್ತಾ? ಆ ಹೆಸರಿಲ್ಲದ ಮನುಷ್ಯನನ್ನು ಇನ್ನೊಬ್ಬರೂ ತಮ್ಮವನೆಂದು ಹಿಡಿದುಕೊಂಡಿದ್ದಾರೆ. ಮ್ಯಾಡ್ರಿಡ್ ಕಡೆಯ ಭಕ್ತರ ಪ್ರಕಾರ ಅವನು ಸಾನ್ ಇಸಿದ್ರೊ, ರೈತರ ಸಂತ. ಕ್ಯಾಸ್ಟೀಲಿನ ಅರಸ ಎಂಟನೇ ಅಲ್ಫೋನ್ಸೊ ಆ ಸಂತನ ಕೆಡದ ದೇಹ ನೋಡಿ, ‘ದಾರಿ ತೋರಿಸಿದವನು ಇವನೇ’ ಎಂದನಂತೆ. ಇಸಿದ್ರೊ ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ ತೀರಿಹೋಗಿದ್ದ! ಯಾರು ಬೇಕಾದರೂ ಬಂದು ಕೂರಬಹುದಾದ ಖಾಲಿ ಕುರ್ಚಿ ಅದು.

ಗುಡ್ಡದಭೂತ
ಇಬ್ಬರೂ ನಕ್ಷೆ ನೋಡಿಲ್ಲ ಅನ್ಸುತ್ತೆ. ಸ್ಪೇನಿನ ಬಾದಾಹೋಸ್ ಪ್ರಾಂತ್ಯದಲ್ಲಿ ಕಬೇಸಾ ಲಾ ವಾಕಾ ಅನ್ನೋ ಊರೇ ಇದೆ. ಅದೇ ಪ್ರಾಂತ್ಯದಲ್ಲಿ ಕಬೇಸಾ ದೆಲ್ ಬುಯೆಯ್, ಅಂದರೆ ‘ಎತ್ತಿನ ತಲೆ’ ಅನ್ನೋ ಇನ್ನೊಂದು ಊರು. ಸೆವಿಯಾ ಕಡೆ ಲಾಸ್ ಕಬೇಸಾಸ್ ದೆ ಸಾನ್ ಹುವಾನ್. ಅಲ್ಲೆಲ್ಲ ಬುರುಡೆ ಇಟ್ಟವರು ಯಾರು? ಊರ ಹೆಸರಲ್ಲಿ ಕಬೇಸಾ ಬಂದರೆ ಸಾಮಾನ್ಯವಾಗಿ ಗುಡ್ಡದ ನೆತ್ತಿ ಅಂತ ಅರ್ಥ. ಕಬೇಸೊ ಅಂದರಂತೂ ನೇರವಾಗಿ ಗುಡ್ಡವೇ. ನನ್ನ ಲೆಕ್ಕದಲ್ಲಿ ಇದು ‘ಹಸುಗುಡ್ಡದವರು’. ಊರ ಹೆಸರೇ ಮನೆತನದ ಹೆಸರಾಯಿತು. ಅರ್ಥ ಮಸುಕಾದ ಮೇಲೆ ಕಥೆ ಹುಟ್ಟಿತು.

ಪದಬೇಟೆ
ಹಾಗಾದರೆ ಮನೆತನದ ಲಾಂಛನದಲ್ಲಿ ಅಂಚಿನ ತುಂಬಾ ಹಸುವಿನ ತಲೆ ಯಾಕೆ ಬರೆಸಿಕೊಂಡರು? ಗುಡ್ಡ ಬರೆಸಬಹುದಿತ್ತಲ್ಲ.

ಗುಡ್ಡದಭೂತ
ಹೆಸರು ಕೇಳಿದ ಚಿತ್ರಗಾರ ಹೆಸರಲ್ಲಿ ಇದ್ದದ್ದನ್ನೇ ಬರೆದ. ಯುರೋಪಿನ ಲಾಂಛನಗಳಲ್ಲಿ ಇದು ಮಾಮೂಲು. ಸ್ಪ್ಯಾನಿಷ್‌ನಲ್ಲಿ ಲೆಯೋನ್ ಅಂದರೆ ಸಿಂಹ, ಲೆಯೋನ್ ರಾಜ್ಯದ ಲಾಂಛನವೂ ಸಿಂಹ ತಾನೇ? ಆದರೆ ಲೆಯೋನ್ ಊರಿನ ಹೆಸರು ಹುಟ್ಟಿದ್ದು ಅಲ್ಲಿ ಬೀಡುಬಿಟ್ಟಿದ್ದ ರೋಮನ್ ಸೇನೆಯ ದಳದಿಂದ, ಅಂದರೆ ಲೀಜನ್‌ನಿಂದ. ಸಿಂಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹುಬ್ಬಳ್ಳಿ ಮಿರ್ಚಿ
ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಅಂತ ಅಡ್ಡಹೆಸರು ಇಟ್ಟುಕೊಂಡು ಆರಾಮ ಇದ್ದೇವೆ. ಹಸುವಿನ ತಲೆ ಏನು ಮಹಾ ಬಿಡ್ರಿ! ನನಗೆ ಬೇಕಾಗಿರೋದು ಬೇರೆ. ಇದು ಎಷ್ಟು ಅಪರೂಪ? ಈಗಲೂ ಯಾರಾದರೂ ಇದ್ದಾರೇನು?

ಕಿತ್ತಳೆನಾಡು
ನಾನು ಆರು ವರ್ಷದಿಂದ ವಲೆನ್ಸಿಯಾದಲ್ಲಿದ್ದೇನೆ. ಇಲ್ಲಿನ ಅಂಕಿಅಂಶ ಸಂಸ್ಥೆಯ ಜಾಲತಾಣದಲ್ಲಿ ಯಾವ ಅಡ್ಡಹೆಸರನ್ನಾದರೂ ಹುಡುಕಬಹುದು. ದೇಶದಲ್ಲಿ 20ಕ್ಕಿಂತ ಕಡಿಮೆ ಜನರಿಗೆ ಇರುವ ಹೆಸರಾದರೆ ತೋರಿಸುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಗಾರ್ಸಿಯಾ. ಮೊದಲ ಅಡ್ಡಹೆಸರಾಗಿಯೇ ಸುಮಾರು 14 ಲಕ್ಷ ಜನ!

‘ಮೊದಲ’ ಅಂದೆ, ಯಾಕೆಂದರೆ ಇಲ್ಲಿ ಎಲ್ಲರಿಗೂ ಎರಡು. ಮೊದಲು ಅಪ್ಪನದು, ಆಮೇಲೆ ಅಮ್ಮನದು. ಅಪರೂಪದ ಹೆಸರು ಅಮ್ಮನ ಕಡೆಯಿಂದ ಬಂದರೆ ಮಕ್ಕಳ ತನಕ ಉಳಿಯುತ್ತದೆ, ಮೊಮ್ಮಕ್ಕಳ ಹೊತ್ತಿಗೆ ಉದುರಿಹೋಗುತ್ತದೆ. 1999ರ ಕಾನೂನು ಬಂದ ಮೇಲೆ ತಂದೆತಾಯಿ ಒಪ್ಪಿದರೆ ಅಮ್ಮನದನ್ನೇ ಮೊದಲು ಇಡಬಹುದು. (ನನಗೆ ಅಡ್ಡಹೆಸರೇ ಇಲ್ಲ, ಬರೀ ಇನಿಷಿಯಲ್. ಒಂದು ಕಚೇರಿಯಲ್ಲಿ ಅಪ್ಪನ ಹೆಸರನ್ನೇ ಎರಡು ಸಲ ಬರೆದು ಕೈತೊಳೆದುಕೊಂಡರು.)

ಹುಬ್ಬಳ್ಳಿ ಮಿರ್ಚಿ
ಎರಡು ಸಲಾನಾ! ಅಪ್ಪಾಜಿಗೆ ಖುಷಿ ಆಗಿರಬೇಕು.

ಕಲ್ಲುಸಕ್ಕರೆ
ಈ ಎರಡು ಹೆಸರಿನ ಶಿಸ್ತು ಹಳೆಯದೇನಲ್ಲ. ಮೊದಲು ಯಾರಿಗೆ ಯಾವುದು ಇಷ್ಟವೋ ಅದನ್ನು ಇಟ್ಟುಕೊಳ್ಳುತ್ತಿದ್ದರು. ಈ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ ಅಲ್ವಾರ್ ನೂನ್ಯೆಸ್ ಕಬೇಸಾ ದೆ ವಾಕಾನನ್ನೇ ನೋಡಿ. ಅವನ ಅಪ್ಪ ಫ್ರಾನ್ಸಿಸ್ಕೊ ದೆ ವೇರಾ. ಅಜ್ಜ ಪೆದ್ರೊ ದೆ ವೇರಾ ಗ್ರಾನ್ ಕನಾರಿಯಾ ದ್ವೀಪ ಗೆದ್ದವನು. ಅಂಥ ಹೆಸರು ಬಿಟ್ಟು ಈತ ಅಮ್ಮ ತೆರೇಸಾ ಕಡೆಯ ಹಸುವಿನ ತಲೆಯನ್ನೇ ಹಿಡಿದುಕೊಂಡ.

ಪದಬೇಟೆ
ಆ ಹೆಸರಿಗೆ ಬೆಲೆ ಇತ್ತು ಅಂತಾಯಿತಲ್ಲ! ಅಮ್ಮನ ಕಡೆಯವರು ಕುರಿಗಾಹಿಯ ಕಥೆ ಹೇಳಿಯೇ ಬೆಳೆಸಿರಬೇಕು.

ಕಲ್ಲುಸಕ್ಕರೆ
ಬೆಲೆ ಇತ್ತು, ಒಪ್ಪುತ್ತೇನೆ. ಬೆಲೆ ಇದ್ದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ.

ಗುಡ್ಡದಭೂತ
ಆ ಮನುಷ್ಯನ ಬದುಕೇ ಹೆಸರಿಗಿಂತ ವಿಚಿತ್ರ. 1527ರಲ್ಲಿ ಸ್ಪೇನಿನ ದಂಡನಾಯಕ ನಾರ್ವಾಯೆಸ್‌ನ ದಂಡಿನಲ್ಲಿ ಖಜಾಂಚಿಯಾಗಿ ಅಮೆರಿಕಕ್ಕೆ ಹೊರಟ. ಫ್ಲೋರಿಡಾದಲ್ಲಿ ಒಳನಾಡಿಗೆ ನಡೆದವರು ಸುಮಾರು 300 ಜನ. 1536ರಲ್ಲಿ ಮೆಕ್ಸಿಕೊ ತಲುಪಿದವರು ನಾಲ್ಕೇ ಜನ. ಅಷ್ಟು ವರ್ಷ ಅಲ್ಲಿನ ಮೂಲನಿವಾಸಿಗಳ ನಡುವೆ ಆಳಾಗಿ, ವ್ಯಾಪಾರಿಯಾಗಿ, ಕಾಯಿಲೆ ವಾಸಿ ಮಾಡುವವನಾಗಿ ಬದುಕಿದ. 1542ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಅಮೆರಿಕದ ಕಾಡೆಮ್ಮೆ ಬೈಸನ್ ಬಗ್ಗೆ ಬರೆದ ಮೊದಲ ಯುರೋಪಿಯನ್ನರಲ್ಲಿ ಅವನೂ ಒಬ್ಬ. ಅದಕ್ಕೆ ಅವನು ಇಟ್ಟ ಹೆಸರೇನು ಹೇಳಿ?

ಹುಬ್ಬಳ್ಳಿ ಮಿರ್ಚಿ
ವಾಕಾ?

ಗುಡ್ಡದಭೂತ
ಅದೇ! ‘ಹಸುಗಳು’ ಅಂತಲೇ ಬರೆದ. ಮೂರು ಸಲ ನೋಡಿದ್ದೇನೆ, ಮಾಂಸ ತಿಂದಿದ್ದೇನೆ ಅಂತಲೂ ಬರೆದ.

ಕಿತ್ತಳೆನಾಡು
ಈಗ ಈ ಹೆಸರಿನ ಸದ್ದು ಜಾಸ್ತಿ ಕೇಳಿಸುವುದು ಅಮೆರಿಕ ಖಂಡದ ಕಡೆ. ಮೆಕ್ಸಿಕೊದ ತಮೌಲಿಪಾಸ್ ರಾಜ್ಯಕ್ಕೆ 2016ರಿಂದ 2022ರ ತನಕ ಗವರ್ನರ್ ಆಗಿದ್ದವರು ಗಾರ್ಸಿಯಾ ಕಬೇಸಾ ದೆ ವಾಕಾ. ಗಾರ್ಸಿಯಾ ಬೀದಿಗೊಬ್ಬರು ಇರುವುದರಿಂದ ಜನ ಎರಡನೆಯದನ್ನೇ ಹಿಡಿದು ಕರೆದರು. ಕವಿ ಗಾರ್ಸಿಯಾ ಲೋರ್ಕಾ ಬರೀ ಲೋರ್ಕಾ ಆದ ಹಾಗೆ.

ಸ್ಪ್ಯಾನಿಷ್‌ನಲ್ಲಿ ಬಿ ಮತ್ತು ವಿ ಎರಡಕ್ಕೂ ಒಂದೇ ಉಚ್ಚಾರ. ಹಾಗಾಗಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಇದು ಬಾಕಾ ಆಗಿದೆ. ಅಲ್ಲಿನ ಎರಡನೇ ಗವರ್ನರ್ ಎಸೆಕಿಯೆಲ್ ಕಬೇಸಾ ದೆ ಬಾಕಾ. 1917ರ ಜನವರಿ 1ಕ್ಕೆ ಅಧಿಕಾರಕ್ಕೆ ಬಂದು ಫೆಬ್ರವರಿಯಲ್ಲೇ ತೀರಿಕೊಂಡರು. ಕೆಲವು ಮನೆತನಗಳು ಇನ್ನೂ ಚಿಕ್ಕದು ಮಾಡಿ ‘ಸಿ ದೆ ಬಾಕಾ’ ಅಂತ ಬರೆಯುತ್ತವೆ.

ಹುಬ್ಬಳ್ಳಿ ಮಿರ್ಚಿ
ಅಂದರೆ ತಲೆ ಹೋಗಿ ಬರೀ ಇನಿಷಿಯಲ್ ಉಳೀತು. ಕಿತ್ತಳೆನಾಡು ಅವರೇ, ನಿಮ್ಮ ಜೊತೆಗಾರರು ಸಿಕ್ಕರು ನೋಡ್ರಿ!

ಪದಬೇಟೆ
ಊರುಗಳ ಪಟ್ಟಿ ನೋಡಿದ ಮೇಲೆ ಗುಡ್ಡದ ವಾದದ ಕಡೆಗೇ ಮುಕ್ಕಾಲು ವಾಲಿದ್ದೇನೆ. ಆದರೂ ಕಬೇಸಾ ಲಾ ವಾಕಾ ಊರಿನ ಆ ಗುಡ್ಡದ ಮೇಲೆ ಹಸುವಿನ ಹೆಸರು ಇಟ್ಟವರು ಯಾರು, ಯಾಕೆ? ಅದಕ್ಕೂ ಒಬ್ಬ ಕುರಿಗಾಹಿ ಬೇಕಲ್ಲ.

ಕಲ್ಲುಸಕ್ಕರೆ
ಮತ್ತೆ ಶುರುವಾಯಿತು ನಿಮ್ಮದು.